ಮಗುವಿನ ಇಸುಬು, ಮುಲಾಮು ಮತ್ತು ಆಹಾರದ ಅಲರ್ಜಿ



ಹತ್ತು ತಿಂಗಳ ಮಗುವನ್ನು ಎತ್ತಿಕೊಂಡು ತಾಯಿಯೊಬ್ಬರು ನನ್ನಲ್ಲಿಗೆ ಬಂದಿದ್ದರು. ಮಗುವಿನ ಕೆನ್ನೆ, ಮೊಣಕೈ ಕೆಂಪಗಾಗಿ ಒಡೆದಿದ್ದವು. ರಾತ್ರಿಯೆಲ್ಲ ತುರಿಕೆ. ಇದೇ ಇಸುಬು, ಡಾಕ್ಟರರ ಮಾತಿನಲ್ಲಿ ಎಗ್ಜಿಮಾ. ಎರಡು ತಿಂಗಳಿನಿಂದ ಮುಲಾಮು ಹಚ್ಚುತ್ತಿದ್ದರು. ಆ ವಾರ ಮೊದಲ ಬಾರಿ ಮೊಟ್ಟೆ ತಿನ್ನಿಸಿದಾಗ ಮೈಯೆಲ್ಲ ದದ್ದು ಎದ್ದಿತ್ತು. "ಡಾಕ್ಟ್ರೇ, ಮುಲಾಮಿನಿಂದಲೇ ಹೀಗಾಯ್ತಾ? ನಿಲ್ಲಿಸಿಬಿಡಲಾ?" ಎಂದು ಕೇಳಿದರು.

ಅವರ ಅನುಮಾನ ಪೂರ್ತಿ ಆಧಾರವಿಲ್ಲದ್ದಲ್ಲ. ಟ್ಯಾಕ್ರೊಲಿಮಸ್ ಎಂಬ ಔಷಧಿಯಿದೆ. ಯಕೃತ್ತಿನ ಕಸಿ ಆದ ಮಕ್ಕಳು ಅದನ್ನು ಬಾಯಿಯ ಮೂಲಕ ಸೇವಿಸುವಾಗ, ಕೆಲವರಲ್ಲಿ ಹೊಸದಾಗಿ ಆಹಾರದ ಅಲರ್ಜಿ ಕಾಣಿಸಿಕೊಂಡಿದೆ. ಅದೇ ಔಷಧಿ ಇಸುಬಿಗೆ ಮುಲಾಮಾಗಿಯೂ ಬರುತ್ತದೆ. ಆದರೆ ಚರ್ಮಕ್ಕೆ ಹಚ್ಚಿದಾಗ ರಕ್ತಕ್ಕೆ ಸೇರುವುದು ಅತ್ಯಲ್ಪ. ಹಚ್ಚುವ ಮುಲಾಮಿನಿಂದ ಅಲರ್ಜಿ ಹುಟ್ಟುತ್ತದೆಂಬುದು ಸಾಬೀತಾಗಿಲ್ಲ.

ಹಾಗಾದರೆ ಅಲರ್ಜಿ ಬರುವುದೆಲ್ಲಿಂದ? ಹೆಚ್ಚಿನ ಪಾಲು ಒಡೆದ ಚರ್ಮದಿಂದಲೇ. ಲಂಡನ್ನಿನ ವೈದ್ಯ ಗಿಡಿಯನ್ ಲ್ಯಾಕ್ 2008ರಲ್ಲಿ ಹೀಗೆ ವಿವರಿಸಿದರು: ಬಾಯಿಯ ಮೂಲಕ ಹೋದ ಆಹಾರವನ್ನು ದೇಹ ತನ್ನದೆಂದು ಒಪ್ಪಿಕೊಳ್ಳುತ್ತದೆ, ಬಿರುಕಿನ ಚರ್ಮದ ಮೂಲಕ ನುಸುಳಿದ್ದನ್ನು ಶತ್ರುವೆಂದು ತಿಳಿಯುತ್ತದೆ. ಅದಕ್ಕೂ ಮೊದಲು, 2003ರಲ್ಲಿ ಅವರ ತಂಡ ಬ್ರಿಟನ್ನಿನ ಮಕ್ಕಳಲ್ಲಿ ಕಡಲೆಕಾಯಿ ಎಣ್ಣೆ ಬೆರೆತ ಚರ್ಮದ ಕ್ರೀಮುಗಳಿಗೂ ಕಡಲೆಕಾಯಿ ಅಲರ್ಜಿಗೂ ನಂಟು ಕಂಡಿತ್ತು.

ಇಲ್ಲಿ ನಮ್ಮ ಮನೆಗಳ ಮಾತೂ ಬರುತ್ತದೆ. ಮಗುವಿಗೆ ಎಣ್ಣೆ ನೀವುವುದು, ಕಡಲೆಹಿಟ್ಟು, ಹಾಲಿನ ಕೆನೆ ಹಚ್ಚಿ ಸ್ನಾನ ಮಾಡಿಸುವುದು ಅಜ್ಜಿಯರ ಪ್ರೀತಿಯ ಕೆಲಸ. ಆದರೆ ಇಸುಬಿನಿಂದ ಒಡೆದ ಚರ್ಮಕ್ಕೆ ಇವು ಬೇಡ. ಶೇಂಗಾ ಎಣ್ಣೆ, ಬಾದಾಮಿ ಎಣ್ಣೆಯೂ ಬೇಡ. ಶೇಂಗಾ ಪುಡಿ, ಮೊಟ್ಟೆ ಮುಟ್ಟಿದ ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಿ.

ಮುಲಾಮು ನಿಲ್ಲಿಸಿದರೆ ಬಿರುಕು ಹೆಚ್ಚುತ್ತದೆ. ಜಪಾನಿನಲ್ಲಿ ಇಸುಬಿದ್ದ ಹಸುಗೂಸುಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 42 ಮಕ್ಕಳಿಗೆ ಮೊಟ್ಟೆಯ ಅಲರ್ಜಿ ಬಂದರೆ, ಸ್ಟೀರಾಯ್ಡ್ ಮುಲಾಮಿನಿಂದ ಬಿಗಿಯಾದ ಚಿಕಿತ್ಸೆ ಪಡೆದವರಲ್ಲಿ ಸುಮಾರು 31 ಮಕ್ಕಳಿಗೆ ಬಂತು. ಆದರೆ ಬಿಗಿಯಾದ ಚಿಕಿತ್ಸೆ ಪಡೆದವರ ತೂಕ, ಎತ್ತರ ತುಸು ಕಡಿಮೆಯಿತ್ತು. ಆದ್ದರಿಂದ ಎಷ್ಟು, ಎಲ್ಲಿ, ಎಷ್ಟು ದಿನ ಹಚ್ಚಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಇನ್ನೊಂದು ಎಚ್ಚರಿಕೆ. ಅಲರ್ಜಿಯ ಭಯದಿಂದ ಹಾಲು, ಗೋಧಿ, ಶೇಂಗಾ ಎಲ್ಲವನ್ನೂ ನೀವಾಗಿ ಬಿಡಿಸಬೇಡಿ. ಒಗ್ಗಿದ್ದ ಆಹಾರವನ್ನು ತಿಂಗಳುಗಟ್ಟಲೆ ಬಿಡಿಸಿ ಮತ್ತೆ ಕೊಟ್ಟಾಗ ತೀವ್ರ ಅಲರ್ಜಿಯಾದ ಮಕ್ಕಳಿದ್ದಾರೆ. ಇಸುಬು ಜೋರಾಗಿದ್ದರೆ, ಶೇಂಗಾ, ಮೊಟ್ಟೆ ಮೊದಲ ಬಾರಿ ಕೊಡುವ ಮುನ್ನ ವೈದ್ಯರನ್ನು ಕೇಳಿ. ತಿಂದ ಸ್ವಲ್ಪ ಹೊತ್ತಿಗೇ ತುಟಿ ಊದಿದರೆ, ಮತ್ತೆ ಮತ್ತೆ ವಾಂತಿಯಾದರೆ, ಉಸಿರು ಗೊರಗೊರ ಎಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆ ತಾಯಿಗೆ ಮುಲಾಮು ಮುಂದುವರಿಸಲು ಹೇಳಿದೆ. ಪರೀಕ್ಷೆಯಾಗುವವರೆಗೆ ಮೊಟ್ಟೆಯೊಂದನ್ನೇ ನಿಲ್ಲಿಸಿದೆವು. ಕಡಲೆಹಿಟ್ಟಿನ ಸ್ನಾನ ಬಿಡಿಸಲು ಅವರ ಅತ್ತೆಯವರನ್ನು ಒಪ್ಪಿಸುವುದೇ ಸ್ವಲ್ಪ ಕಷ್ಟವಾಯಿತು. ಮುಂದಿನ ಸಲ ಬಂದಾಗ ಮಗು ರಾತ್ರಿ ನಿದ್ದೆ ಮಾಡುತ್ತಿದೆ ಎಂದರು.