ಒಂದು ಬ್ರಷ್‌ನ ಆಯಸ್ಸು: ಮರದ ಹಿಡಿಯ ಲೆಕ್ಕ ನಾನು ಕಲಿತದ್ದು ಹೀಗೆ

ಇವತ್ತಿನ ಸಂಚಿಕೆ ಷೇರು, ಸಾಲ, ಇಎಂಐ ಬಗ್ಗೆ ಅಲ್ಲ. ಒಂದು ಶೇವಿಂಗ್ ಬ್ರಷ್ ಬಗ್ಗೆ. ನಗಬೇಡಿ. ಬಿ.ಕಾಂ. ಓದಿದವನಿಗೆ ಬ್ರಷ್ ಬಗ್ಗೆ ಏನು ಗೊತ್ತು ಅಂತ ಕೇಳ್ತೀರಾ? ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದೇ ಒಂದನ್ನು ಹಾಳು ಮಾಡಿದೆ. ಅದಕ್ಕೇ ಈ ಮಾತು.

ನಮ್ಮೂರು ತಿಪಟೂರು. ಕಳೆದ ವರ್ಷ ಅಪ್ಪನಿಗೆ ಲಕ್ವ ಹೊಡೀತು. ಬಲಗೈ ಸ್ವಾಧೀನ ತಪ್ಪಿತು. ಮಾತು ನಿಧಾನಕ್ಕೆ ವಾಪಸ್ ಬಂತು, ಕೈ ಇನ್ನೂ ಬಂದಿಲ್ಲ. ನಾನು ಬೆಂಗಳೂರಿನ ರೂಮ್ ಖಾಲಿ ಮಾಡಿ ಮನೆಗೆ ಬಂದೆ. ವಾರಕ್ಕೆ ಮೂರು ಸಲ ಅಪ್ಪನಿಗೆ ಗಡ್ಡ ಮಾಡೋದು ನನ್ನ ಪಾಲಿಗೆ ಬಂತು. ಅವರ ಹತ್ತಿರ ಮರದ ಹಿಡಿಯ, ಹಂದಿ ಕೂದಲಿನ ಒಂದು ಬ್ರಷ್ ಇತ್ತು. ನಾನು ಪ್ರೈಮರಿ ಸ್ಕೂಲಿಗೆ ಹೋಗುವಾಗಲೂ ಅದೇ ಬ್ರಷ್. 20 ವರ್ಷ ದಾಟಿತ್ತು, ಒಂದು ಬಿರುಕು ಇರಲಿಲ್ಲ.

ನಾನು ಅದನ್ನು ನಾಲ್ಕೇ ತಿಂಗಳಲ್ಲಿ ಮುಗಿಸಿದೆ. ಗಡ್ಡ ಆದ ಮೇಲೆ ಗಡಿಬಿಡಿ. ಅಪ್ಪನಿಗೆ ಸ್ನಾನ, ಮಾತ್ರೆ, ತಿಂಡಿ. ಬ್ರಷ್ ನೀರಿರೋ ಮಗ್ಗಿನಲ್ಲೇ ಬಿದ್ದಿರೋದು, ಎಷ್ಟೋ ಸಲ ಸಂಜೆ ತನಕ. ಮೊದಲು ಹಿಡಿಯ ಬಣ್ಣ ಎದ್ದು ಬಂತು, ಆಮೇಲೆ ಉದ್ದಕ್ಕೆ ಒಂದು ಸೀಳು. ಒಂದು ದಿನ ನೊರೆ ಹಚ್ಚುವಾಗ ಕೂದಲಿನ ಗೊಂಚಲು ಬುಡಸಮೇತ ಕಿತ್ತು ಅಪ್ಪನ ಕೆನ್ನೆ ಮೇಲೆ ಉಳೀತು. ನನಗೆ ನಗು ಬಂತು. ಅಪ್ಪ ನಗಲಿಲ್ಲ. ತಡೆದು ತಡೆದು ಅಂದ್ರು: “ನಾನು ಒಂದಿನಾನೂ ಅದನ್ನ ನೀರಲ್ಲಿ ಬಿಟ್ಟಿರಲಿಲ್ಲ ಕಣೋ.”

ಅಕೌಂಟೆನ್ಸಿಯಲ್ಲಿ ಡಿಪ್ರಿಸಿಯೇಶನ್ ಅಂತೀವಲ್ಲ, ಕನ್ನಡದಲ್ಲಿ ಅದಕ್ಕೆ ಸವಕಳಿ. ಆ ರಾತ್ರಿ ಲೆಕ್ಕ ಹಾಕಿದೆ. ಬ್ರಷ್ ಬೆಲೆ 300 ರೂಪಾಯಿ ಅಂತ ಇಟ್ಕೊಳ್ಳಿ. 20 ವರ್ಷ ಬಂದ್ರೆ ವರ್ಷಕ್ಕೆ 15 ರೂಪಾಯಿ. ವಾರಕ್ಕೆ ಮೂರು ಸಲ, ಅಂದ್ರೆ ವರ್ಷಕ್ಕೆ 156 ಸಲ. ಒಂದು ಸಲಕ್ಕೆ 10 ಪೈಸೆಯೂ ಬೀಳಲ್ಲ. ಅದೇ ಬ್ರಷ್ ನನ್ನ ಕೈಯಲ್ಲಿ ನಾಲ್ಕು ತಿಂಗಳು ಬಂದ್ರೆ ಸುಮಾರು 52 ಸಲ, ಒಂದೊಂದಕ್ಕೆ ಹತ್ತಿರ ಹತ್ತಿರ 6 ರೂಪಾಯಿ. ವಸ್ತು ಅದೇ, ಬೆಲೆ ಅದೇ. ಬಳಸಿದ ಕೈ ಬೇರೆ, ಅಷ್ಟೇ.

ಹಾಗಾದ್ರೆ ಮರಕ್ಕೆ ಏನಾಗುತ್ತೆ? ಕಡಿದು ಎಷ್ಟೇ ವರ್ಷ ಆಗಿರಲಿ, ಮರ ನೀರು ಕುಡಿಯೋದನ್ನೂ ಬಿಡೋದನ್ನೂ ನಿಲ್ಲಿಸಲ್ಲ. ಕುಡಿದಾಗ ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ನಾರಿನ ಉದ್ದಕ್ಕೆ ಈ ಬದಲಾವಣೆ ತೀರಾ ಕಡಿಮೆ, ಅಡ್ಡಕ್ಕೆ ಜಾಸ್ತಿ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗೋದು ಇದೇ ಕಾರಣಕ್ಕೆ. ಹಿಡಿಯ ತಲೆಯಲ್ಲಿ ಒಂದು ಕುಳಿ ಕೊರೆದು, ಅದರಲ್ಲಿ ಅಂಟು ಹಾಕಿ ಕೂದಲಿನ ಗೊಂಚಲು ಕೂರಿಸಿರ್ತಾರೆ. ಆ ಕುಳಿಯ ತಳದಲ್ಲಿ ನಾರಿನ ತುದಿ ತೆರೆದಿರುತ್ತೆ, ನೀರು ಬೇಗ ಒಳಗೆ ಹೋಗೋದು ಅಲ್ಲಿಂದಲೇ. ಮರ ಉಬ್ಬಿ ಕುಗ್ಗಿದ ಹಾಗೆ ಅಂಟು ಅದರ ಜೊತೆ ಉಬ್ಬಿ ಕುಗ್ಗಲ್ಲ. ಎರಡರ ಮಧ್ಯೆ ಸಂದು ಬೀಳುತ್ತೆ, ಸಂದಿಗೆ ಮತ್ತೆ ನೀರು ಇಳಿಯುತ್ತೆ. ಒಂದು ದಿನ ಗೊಂಚಲು ಕೈಗೆ ಬರುತ್ತೆ. ನನಗೆ ಬಂದ ಹಾಗೆ.

ಮೊದಲು ನಾನು ಮಾಡಿದ ರಿಪೇರಿ ಕೇಳಿ. ತಿಪಟೂರಿನವನು ಅಲ್ವಾ, ಎಲ್ಲದಕ್ಕೂ ಕೊಬ್ಬರಿ ಎಣ್ಣೆ. ಬಿರುಕು ಬಿಟ್ಟ ಹಿಡಿಗೆ ಚೆನ್ನಾಗಿ ತಿಕ್ಕಿದೆ. ಎರಡು ದಿನ ಹೊಳೀತು, ಆಮೇಲೆ ಜಿಡ್ಡು ಜಿಡ್ಡು. ಕೊಬ್ಬರಿ ಎಣ್ಣೆ ಒಣಗಿ ಗಟ್ಟಿಯಾಗೋ ಎಣ್ಣೆ ಅಲ್ಲ. ಸೋಪು ನೀರು ತಾಗಿದರೆ ತೊಳೆದು ಹೋಗುತ್ತೆ. ಬಣ್ಣ, ವಾರ್ನಿಷ್ ಇಲ್ಲದ ಮರಕ್ಕೆ ಬೇಕಾದದ್ದು ಅಗಸೆ ಎಣ್ಣೆ, ಅಂದರೆ ಅಂಗಡಿಯಲ್ಲಿ ಸಿಗೋ ಲಿನ್ಸೀಡ್ ಆಯಿಲ್. ಗಾಳಿಗೆ ಒಣಗಿ ಪದರ ಕಟ್ಟುತ್ತೆ. ತೆಳುವಾಗಿ ಹಚ್ಚಿ, ಉಳಿದದ್ದನ್ನು ಒರೆಸಿ, ಪೂರ್ತಿ ಒಣಗೋಕೆ ಬಿಡಬೇಕು. ಒಂದು ಎಚ್ಚರಿಕೆ: ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತೆ, ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.

ಕೊನೆಗೆ ಬಿಡಿಬಿಡಿಯಾದ ಬ್ರಷ್ ಹಿಡ್ಕೊಂಡು ಚನ್ನಪಟ್ಟಣಕ್ಕೆ ಹೋದೆ. ಅಲ್ಲಿ ಗೊಂಬೆ ಮಾಡೋ ಹಿರಿಯರೊಬ್ಬರು ಹಿಡಿಯನ್ನು ತಿರುಗಿಸಿ ನೋಡಿ, “ಇದು ಕೂಡಲ್ಲ ಸ್ವಾಮಿ, ಹೊಸದು ಕಡೀಬೇಕು” ಅಂದ್ರು. ನನಗೆ ಗೊಂಬೆ ಹಾಗೆ ಬಣ್ಣದ ಹಿಡಿ ಮಾಡಿಸೋ ಆಸೆ. ಅವರೇ ಬೇಡ ಅಂದ್ರು. ಆ ಬಣ್ಣ ಹಿಡಿದಿರೋದು ಅರಗಿನಲ್ಲಿ. ಅರಗು ಬಿಸಿಗೆ ಮೆತ್ತಗಾಗುತ್ತೆ, ನೀರಲ್ಲಿದ್ದರೆ ಬೆಳ್ಳಗಾಗುತ್ತೆ, ಸೋಪಿನ ಕ್ಷಾರಕ್ಕೂ ತಡೆಯಲ್ಲ. ಸ್ಪಿರಿಟ್ ಇರೋ ಆಫ್ಟರ್‌ಶೇವ್ ಬಿದ್ದರಂತೂ ಕರಗೇ ಹೋಗುತ್ತೆ. ಗೊಂಬೆಯ ಹಾಲೆ ಮರವೂ ಬಚ್ಚಲಿಗಲ್ಲ. ಒಂದು ತೇಗದ ತುಂಡು ಹುಡುಕಿದ್ರು. ತೇಗದಲ್ಲಿ ಸಹಜವಾಗಿ ಎಣ್ಣೆ ಇದೆ, ನೀರಿಗೆ ಕಡಿಮೆ ಉಬ್ಬುತ್ತೆ.

ಯಾರಿಗೆ ಅಂತ ಕೇಳಿದ್ರು. ಹೇಳಿದೆ. ಲೇತ್ ನಿಲ್ಲಿಸಿ, “ಹಂಗಾದ್ರೆ ಎಡಗೈಲಿ ಹಿಡಿಯೋ ಹಂಗೆ ದಪ್ಪ ಮಾಡ್ಲಾ?” ಅಂದ್ರು. ಈ ಪ್ರಶ್ನೆ ಅಷ್ಟು ತಿಂಗಳಲ್ಲಿ ನನಗೆ ಒಂದು ಸಲವೂ ಹೊಳೆದಿರಲಿಲ್ಲ.

ಹೊಸ ಹಿಡಿಗೆ ತೆಳುವಾಗಿ ಮೂರು ಸಲ ವಾರ್ನಿಷ್ ಹಚ್ಚಿದೆ, ಪ್ರತಿ ಸಲವೂ ಒಣಗಿದ ಮೇಲೆ. ತೇಗದ ಎಣ್ಣೆ ಅಂಟಿಗೆ ಶತ್ರು. ಅದಕ್ಕೆ ಕುಳಿಯನ್ನು ಅಸಿಟೋನ್‌ನಲ್ಲಿ ಒರೆಸಿ, ಎಪಾಕ್ಸಿ ಅಂಟನ್ನು ಕುಳಿಯ ತಳಕ್ಕೂ ಗೋಡೆಗೂ ಬಳಿದು ಹಳೇ ಗೊಂಚಲನ್ನೇ ಕೂರಿಸಿದೆ. ಕೂದಲು ಅಪ್ಪನದೇ ಬ್ರಷ್‌ನದ್ದು. ಹಂದಿ ಕೂದಲು ಬಳಸಿದಷ್ಟೂ ತುದಿ ಸೀಳಿ ಮೆತ್ತಗಾಗುತ್ತೆ. 20 ವರ್ಷದ ಆ ಮೆತ್ತನೆ ಹೊಸ ಬ್ರಷ್‌ನಲ್ಲಿ ಸಿಗಲ್ಲ.

ಈಗ ನಾನು ಪಾಲಿಸೋ ಕ್ರಮ ಹೇಳ್ತೀನಿ, ಬೇಕಾದ್ರೆ ಬರ್ಕೊಳ್ಳಿ. ನೆನೆಸೋದು ಕೂದಲಿನ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಮಾತ್ರ, ಒಂದೆರಡು ನಿಮಿಷ, ಉಗುರು ಬೆಚ್ಚಗಿನ ನೀರಲ್ಲಿ. ಹಂಡೆಯ ಕುದಿನೀರು ಅಂಟಿಗೂ ಕೂದಲಿಗೂ ಕೆಟ್ಟದ್ದು. ನೊರೆ ಮಾಡುವಾಗ ಬ್ರಷ್ ಒತ್ತಿ ಅಗಲಿಸಬೇಡಿ, ಕೂದಲು ಬುಡದಲ್ಲಿ ಮುರಿಯುತ್ತೆ. ಆದ ಮೇಲೆ ಬುಡದ ಸೋಪು ಪೂರ್ತಿ ಹೋಗೋ ತನಕ ತೊಳೆದು, ಮೆಲ್ಲಗೆ ಹಿಂಡಿ, ನಾಲ್ಕು ಸಲ ಕೊಡವಿ, ಹಿಡಿಯನ್ನು ಬಟ್ಟೆಯಲ್ಲಿ ಒರೆಸಿ. ನೇತುಹಾಕಬೇಕಾ, ನಿಲ್ಲಿಸಬೇಕಾ ಅಂತ ಜಗಳ ಬೇಡ. ಚೆನ್ನಾಗಿ ಕೊಡವಿದ್ರೆ ಎರಡೂ ಸರಿ, ಗಾಳಿ ಆಡಬೇಕು ಅಷ್ಟೇ. ಬಿಸಿಲಿಗೆ ಇಡಬೇಡಿ. ಡಬ್ಬದಲ್ಲಿ ಮುಚ್ಚಿದ್ರೆ ಬೂಷ್ಟು ಹಿಡಿಯುತ್ತೆ.

ಬೋರ್‌ವೆಲ್ ನೀರು ಇರೋರಿಗೆ ಇನ್ನೊಂದು. ಗಡಸು ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಕೂದಲ ಬುಡದಲ್ಲಿ ಬಿಳಿ ಪದರ ಕಟ್ಟುತ್ತೆ, ಬ್ರಷ್ ಬಿರುಸಾಗುತ್ತೆ. ಎರಡು ಮೂರು ತಿಂಗಳಿಗೊಮ್ಮೆ ಒಂದು ಪಾಲು ವಿನೆಗರ್‌ಗೆ ಹತ್ತು ಪಾಲು ನೀರು ಬೆರೆಸಿ, ಕೂದಲನ್ನು ಮಾತ್ರ ಕೆಲವು ನಿಮಿಷ ಅದ್ದಿ ತೊಳೆಯಿರಿ. ಅಂಚೆಕಚೇರಿ ಕಾಲದ ಹಳೇ ಬ್ರಷ್ ಅಂತ ಎಲ್ಲಿಂದಲೋ ತಂದು ಬಳಸೋ ಹುಚ್ಚು ಬೇಡ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಬ್ರಷ್‌ಗಳಿಂದ ಬ್ರಿಟನ್, ಅಮೆರಿಕದ ಸೈನಿಕರಿಗೆ ಆಂಥ್ರಾಕ್ಸ್ ಹರಡಿತ್ತು. ಮುಂಗುಸಿ ಕೂದಲು ಅಂತ ಯಾರಾದ್ರೂ ಬ್ರಷ್ ಮಾರಿದ್ರೆ ಮುಟ್ಟಲೇಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ. ಪ್ರಾಣಿ ಕೂದಲು ಬೇಡ ಅನ್ನೋರಿಗೆ ಸಿಂಥೆಟಿಕ್ ಇದೆ, ಬೇಗ ಒಣಗುತ್ತೆ.

ಇಷ್ಟಕ್ಕೆಲ್ಲ ಎಷ್ಟು ಖರ್ಚಾಯ್ತು? ಬಸ್ ಚಾರ್ಜು ಸೇರಿಸಿದ್ರೆ ಹೊಸ ಬ್ರಷ್‌ಗಿಂತ ಜಾಸ್ತಿ. ಬಿ.ಕಾಂ. ಲೆಕ್ಕದಲ್ಲಿ ನಷ್ಟ. ಒಪ್ಕೋತೀನಿ.

ಮೊದಲ ದಿನ ಹೊಸ ಹಿಡಿಯ ಬ್ರಷ್ ಅಪ್ಪನ ಎಡಗೈಗೆ ಕೊಟ್ಟೆ. ಒಂದು ಸಲ ಜಾರಿ ಬಿತ್ತು. ಎರಡನೇ ಸಲ ಬಿಗಿಯಾಗಿ ಹಿಡಿದ್ರು. ಮೂಗು, ಕಿವಿ, ಬನೀನು ಎಲ್ಲಾ ಕಡೆ ನೊರೆ. ನಾನು ಒರೆಸೋಕೆ ಹೋದ್ರೆ ಕೈ ತಳ್ಳಿದ್ರು. ಈಗ ನೊರೆ ಅವರ ಕೆಲಸ, ರೇಜರ್ ನನ್ನ ಕೆಲಸ. ಮುಗಿದ ಮೇಲೆ ಬ್ರಷ್ ಕೊಡವೋದೂ ಅವರೇ. ನಾನು ಹಿಡಿ ಒರೆಸಿ ಕಿಟಕಿ ಹತ್ತಿರ ಇಡೋ ತನಕ ನೋಡ್ತಾನೇ ಇರ್ತಾರೆ. ನನ್ನ ಮೇಲೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಮಗ್ಗಿನಲ್ಲಿ ಬಿದ್ದಿದ್ದರೆ, ಇವತ್ತೇ ಎತ್ತಿ ಒರೆಸಿಡಿ. ಮುಂದಿನ ವಾರ ಮತ್ತೆ ದುಡ್ಡಿನ ಮಾತಿಗೆ ಬರೋಣ.