2038ಕ್ಕೆ ಕಂಪ್ಯೂಟರ್ ಬಂದ್? ಭಯ ಎಷ್ಟು, ನಿಜ ಎಷ್ಟು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ... ಯಾವ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿದ್ರೂ ಇವತ್ತಿನ ಮಾತು ನಿಮಗೇ. ‘2038ರ ಜನವರಿ 19ಕ್ಕೆ ಕಂಪ್ಯೂಟರ್‌ಗಳೆಲ್ಲ ಬಂದ್’ ಅನ್ನೋ ಥರದ ವಿಡಿಯೊ ನೀವೂ ನೋಡಿರಬಹುದು. ಅದರಲ್ಲಿ ಭಯ ಎಷ್ಟು, ನಿಜ ಎಷ್ಟು?

ತಾರೀಖು ನಿಜ. ಬಹಳಷ್ಟು ಕಂಪ್ಯೂಟರ್‌ಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೀತು ಅಂತ ಎಣಿಸಿ ಸಮಯ ಹೇಳ್ತವೆ. ಹಳೆಯ 32 ಬಿಟ್ ಲೆಕ್ಕದಲ್ಲಿ ಎಣಿಕೆ 214 ಕೋಟಿ ಚಿಲ್ಲರೆಗೆ ಮುಗಿಯುತ್ತೆ. ನಮ್ಮ ಗಡಿಯಾರದಲ್ಲಿ ಅವತ್ತು ಬೆಳಿಗ್ಗೆ 8 ಗಂಟೆ 44 ನಿಮಿಷ. ಮುಂದಿನ ಸೆಕೆಂಡಿಗೆ ಯಂತ್ರ 1901ಕ್ಕೆ ಹಾರಬಹುದು.

ಇಂಥದ್ದೇ ಗಾಬರಿ 1999ರಲ್ಲೂ ಇತ್ತು, ವೈಟುಕೆ ಅಂತ. ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ ವರ್ಷವನ್ನ ಎರಡೇ ಅಂಕಿಯಲ್ಲಿ ಬರೀತಿದ್ರು. 99 ಆದ್ಮೇಲೆ 00 ಬಂದ್ರೆ ಅದು 2000ವೋ, 1900ವೋ? ವಿಮಾನ ಬೀಳುತ್ತೆ, ಬ್ಯಾಂಕ್ ಮುಳುಗುತ್ತೆ ಅಂದ್ರು. ಜನವರಿ 1 ಬಂತು, ಅಂಥದ್ದೇನೂ ಆಗಲಿಲ್ಲ. ‘ಎಲ್ಲಾ ಸುಳ್ಳು’ ಅಂತ ನಕ್ಕವರೂ ಇದ್ರು.

ನಾನು ಆ ಮಾತು ಒಪ್ಪಲ್ಲ. ಏನೂ ಆಗದೇ ಇದ್ದಿದ್ದಕ್ಕೆ ಮುಖ್ಯ ಕಾರಣ, ಸಾವಿರಾರು ಜನ ಕೂತು ಹಳೆಯ ಪ್ರೋಗ್ರಾಂಗಳನ್ನ ಸಾಲು ಸಾಲಾಗಿ ತಿದ್ದಿದ್ದು. ನಮ್ಮ ಬೆಂಗಳೂರಿನ ಇನ್ಫೋಸಿಸ್, ವಿಪ್ರೊ ಕೂಡ ವಿದೇಶಿ ಕಂಪನಿಗಳಿಗೆ ಈ ಕೆಲಸ ಮಾಡಿಕೊಟ್ವು. ನಾಲೆ ಏರಿ ಮೊದಲೇ ಭದ್ರ ಮಾಡಿದ್ರೆ ಗದ್ದೆಗೆ ನೀರು ನುಗ್ಗಲ್ಲ. ಹಾಗಂತ ಏರಿ ಮಾಡಿದ್ದೇ ದಂಡ ಅಂತೀವಾ?

ಆದ್ರೂ ಒಂದು ತಪ್ಪು ನುಸುಳಿತ್ತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಗರ್ಭಿಣಿಯರ ಡೌನ್ ಸಿಂಡ್ರೋಮ್ ಪರೀಕ್ಷೆಯ ಕಂಪ್ಯೂಟರ್, 2000ದಲ್ಲಿ ತಾಯಂದಿರ ವಯಸ್ಸನ್ನೇ ತಪ್ಪಾಗಿ ಲೆಕ್ಕ ಹಾಕ್ತು. 150ಕ್ಕೂ ಹೆಚ್ಚು ಮಂದಿಗೆ ತಪ್ಪು ಫಲಿತಾಂಶ ಹೋಯ್ತು. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ವಿಮಾನ ಬೀಳಲಿಲ್ಲ, ಸದ್ದಿಲ್ಲದೆ ವಯಸ್ಸು ಕೆಟ್ಟಿತ್ತು.

2038ರ ಕಥೆಯೂ ಇದೇ. ನಿಮ್ಮ ಕೈಲಿರೋ ಫೋನ್ ಅಷ್ಟೊತ್ತಿಗೆ ಗುಜರಿಗೆ ಹೋಗಿರುತ್ತೆ. ಹೊಸ ಫೋನ್‌ಗಳು ಹೆಚ್ಚಾಗಿ 64 ಬಿಟ್, ಅದರ ಎಣಿಕೆ ಮುಗಿಯೋಕೆ ಕೋಟ್ಯಂತರ ವರ್ಷ ಬೇಕು. ನಾಳೆ ಯಾರಾದ್ರೂ ‘ಕೆಆರ್‌ಎಸ್ ಗೇಟ್ ತಾನೇ ತೆರ್ಕೊಳ್ಳುತ್ತೆ’ ಅಂತ ಕಳಿಸಿದ್ರೆ ನಂಬಬೇಡಿ. ಅಲ್ಲಿ ನೋಡೋದು ಕ್ಯಾಲೆಂಡರ್ ಅಲ್ಲ, ಒಳಹರಿವು ಮತ್ತೆ 124.80 ಅಡಿಯ ಮಟ್ಟ. ಚಿಂತೆ ಇರೋದು ವರ್ಷಾನುಗಟ್ಟಲೆ ಯಾರೂ ಮುಟ್ಟದೆ ಓಡ್ತಿರೋ ಹಳೆಯ ಯಂತ್ರಗಳ ಬಗ್ಗೆ. ಅವನ್ನ ಹುಡುಕಿ ಸರಿಮಾಡೋಕೆ ಇನ್ನೂ ಟೈಮಿದೆ.

ಅದಕ್ಕಿಂತ ಹತ್ತಿರದ ತಾರೀಖು ಒಂದಿದೆ. ಹುಟ್ಟಿದ ದಿನ ಗೊತ್ತಿಲ್ಲದ ನಮ್ಮ ಎಷ್ಟೋ ಅಜ್ಜಿ-ತಾತಂದಿರ ಆಧಾರ್‌ನಲ್ಲಿ ಜನವರಿ 1 ಅಂತಿರುತ್ತೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ವರ್ಷ ತುಂಬಿರಬೇಕು. ಹುಟ್ಟಿದ ವರ್ಷ ತಪ್ಪಿದ್ರೆ ಕಂಪ್ಯೂಟರ್ ಎಷ್ಟೇ ಸರಿಯಾಗಿ ಲೆಕ್ಕ ಹಾಕಿದ್ರೂ ಉತ್ತರ ತಪ್ಪೇ. ಇವತ್ತು ಮನೆಗೆ ಹೋದ್ಮೇಲೆ ಅವರ ಆಧಾರ್ ಒಮ್ಮೆ ತೆಗೆದು ನೋಡಿ. 2038ರ ವಿಡಿಯೊ ಫಾರ್ವರ್ಡ್ ಮಾಡೋದು ಆಮೇಲೆ ಇದ್ದೇ ಇದೆ.