ಹಲ್ಲಿನ ಬಿಳುಪು ಮತ್ತು ಮನೆಮದ್ದು



ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿರುವ ಭಾರತೀನಗರದ ಸುತ್ತಣ ಪ್ರದೇಶ ಕಬ್ಬಿನ ಸೀಮೆ. ಜಲ್ಲೆಯನ್ನು ಹಲ್ಲಿನಿಂದಲೇ ಸಿಗಿದು ಜಗಿಯುವುದು ಅಲ್ಲಿಯ ಮಕ್ಕಳಿಗೆ ಸಹಜವಾದ ಸುಖ. ಕಬ್ಬಿನ ನಾರು ಹಲ್ಲಿನ ಮೇಲಣ ಕೊಳೆಯನ್ನು ಕೊಂಚ ಸವರೀತು. ಆದರೆ ರಸದಲ್ಲಿನ ಸಕ್ಕರೆಯನ್ನು ಬಾಯಿಯ ಸೂಕ್ಷ್ಮಜೀವಿಗಳು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಒಂದೇ ವಸ್ತುವಿನಲ್ಲಿ ಗುಣದೋಷಗಳೆರಡೂ ಇರುವುದುಂಟು. ಹಲ್ಲನ್ನು ಬೆಳ್ಳಗೆ ಮಾಡುವುವೆಂದು ಹೆಸರಾದ ಮನೆಮದ್ದುಗಳನ್ನು ಇಂದು ಈ ದೃಷ್ಟಿಯಿಂದಲೇ ಪರೀಕ್ಷಿಸೋಣ.

ಹಲ್ಲಿನ ಹೊರಕವಚಕ್ಕೆ ಎನಾಮಲ್ ಎಂದು ಹೆಸರು. ತೂಕದಲ್ಲಿ ಅದರ ನೂರಕ್ಕೆ ಸುಮಾರು 96 ಪಾಲು ಖನಿಜ. ನಮ್ಮ ಶರೀರದಲ್ಲಿ ಅದಕ್ಕಿಂತ ಗಟ್ಟಿಯಾದುದು ಬೇರೊಂದಿಲ್ಲ. ಆದರೆ ಅದರಲ್ಲಿ ಜೀವಕೋಶಗಳಿಲ್ಲವಾದುದರಿಂದ, ಸವೆದುಹೋದ ಭಾಗ ಮತ್ತೆ ಬೆಳೆಯಲಾರದು. ಅದರ ಅಡಿಯಲ್ಲಿರುವ ಪದರದ ಬಣ್ಣವೇ ಹಳದಿ. ಆದಕಾರಣ ಬಿಳುಪಿನಾಸೆಯಿಂದ ಕವಚವನ್ನು ತೇಯ್ದಷ್ಟೂ ಹಲ್ಲು ಕಾಲಕ್ರಮದಲ್ಲಿ ಇನ್ನಷ್ಟು ಹಳದಿಯಾಗಿಯೇ ಕಾಣುವುದು.

ಮೊದಲನೆಯದಾಗಿ, ನಿಂಬೆಯ ರಸ ಮತ್ತು ಉಪ್ಪು. ಬಾಯಿಯಲ್ಲಿ ಆಮ್ಲತೆಯ ಅಂಕ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ನಿಂಬೆಯ ರಸದ್ದು 2ರ ಆಸುಪಾಸು. ಹೀಗೆ ಮೆತ್ತಗಾದ ಹಲ್ಲನ್ನು ಉಪ್ಪಿನ ಹರಳಿನಿಂದ ಉಜ್ಜುವುದು ಎರಡು ಬಗೆಯ ಹಾನಿ. ಹುಳಿಯಾದುದನ್ನು ತಿಂದಮೇಲೆ ಬರಿಯ ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಕಳೆದು ಹಲ್ಲುಜ್ಜುವುದು ಲೇಸು.

ಇನ್ನು ಇದ್ದಿಲು, ಭತ್ತದ ಹೊಟ್ಟಿನ ಬೂದಿ, ಇಟ್ಟಿಗೆಯ ಪುಡಿ. ಹೊಟ್ಟಿನ ಬೂದಿಯಲ್ಲಿ ಹೆಚ್ಚಾಗಿರುವುದು ಸಿಲಿಕಾ, ಎಂದರೆ ಮರಳಿನಲ್ಲಿರುವ ದ್ರವ್ಯವೇ. ನುಣುಪಾಗಿ ಅರೆದು ಸೋಸಿದ ಪುಡಿಗೂ ಒರಟಾಗಿ ಕುಟ್ಟಿದ ಪುಡಿಗೂ ಬಹಳ ಅಂತರವುಂಟು. ಮನೆಯ ಒರಳಿನಲ್ಲಿ ಆ ನುಣುಪು ಬರುವುದು ಕಷ್ಟ. ಇದ್ದಿಲಿನ ವಿಷಯದಲ್ಲಿ, ಅದು ಹಲ್ಲನ್ನು ಬಿಳಿಮಾಡುವುದೆನ್ನಲಾಗಲಿ, ನಿರಪಾಯಕರವೆನ್ನಲಾಗಲಿ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಸಮೀಕ್ಷೆ ತಿಳಿಸಿತು. ಹೊಗೆಸೊಪ್ಪು ಬೆರೆತ ಹಲ್ಲುಪುಡಿಯಂತೂ ಸರ್ವಥಾ ವರ್ಜ್ಯ. 1992ರಲ್ಲಿಯೇ ಭಾರತ ಸರ್ಕಾರವು ಅದನ್ನು ನಿಷೇಧಿಸಿತು.

ಅಡಿಗೆಯ ಸೋಡ ಇವುಗಳಿಗಿಂತ ಮೃದು. ಕಾಫಿ, ತಾಂಬೂಲಗಳ ಮೇಲುಕಲೆಯನ್ನು ಕೊಂಚಮಟ್ಟಿಗೆ ತೆಗೆಯಬಲ್ಲುದು. ಬೇವಿನ ಕಡ್ಡಿಯನ್ನು ಚೆನ್ನಾಗಿ ಜಗಿದು, ಕುಂಚದಂತೆ ಮಾಡಿ, ವಸಡಿಗೆ ನೋವಾಗದಂತೆ ಬಳಸಿದರೆ ಹಲ್ಲು ಶುಚಿಯಾಗುವುದು. ಅದರ ಸಹಜವರ್ಣವೇನೂ ಬದಲಾಗದು.

ಎಲ್ಲ ಕಲೆಯೂ ಮೇಲುಕಲೆಯಲ್ಲವೆಂಬುದನ್ನು ಮುಖ್ಯವಾಗಿ ನೆನೆಯಬೇಕು. ಕೋಲಾರ, ಪಾವಗಡ ಮುಂತಾದೆಡೆಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿ ಕಂಡುಬಂದಿದೆ. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ನೀರನ್ನು ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿಯುತ್ತ ಬೆಳೆದ ಮಕ್ಕಳಿಗೆ ಎನಾಮಲ್ಲಿನೊಳಗೇ ಕಲೆ ಉಂಟಾಗಬಹುದು. ಜನರು ನಕ್ಕಾರೆಂದು ಬಾಯಿಗೆ ಕೈಯಡ್ಡ ಹಿಡಿಯುವ ಅಂಥ ಹುಡುಗಿಗೆ ಇದ್ದಿಲನ್ನೂ ನಿಂಬೆಯನ್ನೂ ಕೊಡುವುದು ನ್ಯಾಯವಲ್ಲ. ಅವಳು ಎಷ್ಟು ಉಜ್ಜಿದರೂ ಕಲೆ ಹೋಗದು, ಕವಚ ಮಾತ್ರ ಹೋಗುವುದು. ಅವಳನ್ನು ದಂತವೈದ್ಯರಿಗೆ ತೋರಿಸಬೇಕು. ಅವಳ ತಮ್ಮತಂಗಿಯರಿಗೆ ಒಳ್ಳೆಯ ನೀರನ್ನು ಒದಗಿಸಬೇಕು.

ಹಲ್ಲು ಮುತ್ತಿನಂತಿರಬೇಕೆಂಬ ಆಸೆ ತಪ್ಪಲ್ಲ. ಆದರೆ ತುಸು ಹಳದಿಯಾದ ಗಟ್ಟಿಹಲ್ಲು, ಬೆಳ್ಳಗೆ ತೇಯ್ದು ಜುಮ್ಮೆನ್ನುವ ಹಲ್ಲಿಗಿಂತ ಮೇಲು. ದಿನಕ್ಕೆರಡು ಬಾರಿ ಮೃದುವಾಗಿ ಉಜ್ಜುವುದು, ಉಂಡೊಡನೆ ಬಾಯಿ ಮುಕ್ಕಳಿಸುವುದು, ಇವೇ ಮನೆಮದ್ದುಗಳಲ್ಲಿ ನಿರಪಾಯಕರವಾದುವು.